ನಮ್ಮ ನಾಯಿಯನ್ನು ಯಾರು, ಯಾವಾಗ ಹಿಡಿದುಕೊಂಡು ಹೋಗಬಹುದು?



ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಮೊದಲೆಲ್ಲಾ ವೀಸಾ, ಮಾರ್ಟ್‌ಗೇಜ್, ಮಕ್ಕಳ ಗ್ರಾಮರ್ ಸ್ಕೂಲು ಇವೇ ಮಾತು. ಈಗ ನಾಯಿಯದೂ ಸೇರಿಕೊಂಡಿದೆ. ಲಾಕ್‌ಡೌನ್ ಸಮಯದಲ್ಲಿ ಮಕ್ಕಳ ಹಟಕ್ಕೆ ಸೋತು ನಾಯಿ ತಂದವರು ನಮ್ಮಲ್ಲೇ ಹತ್ತಾರು ಮನೆಯವರಿದ್ದಾರೆ, ನಾವೂ ಅದರಲ್ಲಿ ಒಬ್ಬರು. ಆಹಾರ, ಇಂಜೆಕ್ಷನ್, ಇನ್ಶೂರೆನ್ಸ್ ಎಲ್ಲಾ ವಿಚಾರಿಸುತ್ತೇವೆ. ಆದರೆ "ಈ ದೇಶದಲ್ಲಿ ನನ್ನ ನಾಯಿಯನ್ನು ಯಾರಾದರೂ ಎತ್ತಿಕೊಂಡು ಹೋಗಬಹುದೇ? ಹೋದರೆ ವಾಪಸ್ ಪಡೆಯುವುದು ಹೇಗೆ?" ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ, ಕೇಳುವ ಪ್ರಸಂಗ ಬರುವ ತನಕ!

ಮೊದಲೇ ಹೇಳಿಬಿಡುತ್ತೇನೆ. ನಾನು ವಕೀಲನಲ್ಲ. ದಿನವಿಡೀ ಕೋಡ್ ಬರೆದು, ರಾತ್ರಿ ಅದರ ಬಗ್ ಹುಡುಕುವ ಸಾಮಾನ್ಯ ಸಾಫ್ಟ್‌ವೇರ್ ಇಂಜಿನಿಯರ್. ಹೊಸ ಪ್ರಾಜೆಕ್ಟಿನ ಸ್ಪೆಸಿಫಿಕೇಶನ್ ಓದುವ ಹಾಗೆ ಇಲ್ಲಿನ ನಾಯಿ ಕಾನೂನುಗಳನ್ನು ಕೂತು ಓದಿದೆ, ಅಷ್ಟೆ. ಇಲ್ಲಿ ಬರೆದಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೊಂದುತ್ತದೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಬಂಧುಗಳು ತಮ್ಮ ಕಡೆಯ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಕೆಂಚ ಕಾಣೆಯಾದ ರಾತ್ರಿ

ನಮ್ಮ ನಾಯಿ ಲ್ಯಾಬ್ರಡಾರ್ ಮಿಶ್ರತಳಿ, ಕಂದು ಬಣ್ಣ. ಮಗಳು 'ಕೂಪರ್' ಎಂದು ಹೆಸರಿಡಬೇಕೆಂದಿದ್ದಳು. ವಿಡಿಯೋ ಕಾಲಿನಲ್ಲಿ ಅದನ್ನು ನೋಡಿದ ನಮ್ಮಪ್ಪ "ಕೆಂಚ ಕಣೋ ಇವನು" ಅಂದರು. ಆ ಹೆಸರೇ ನಿಂತಿತು.

2022ರ ನವೆಂಬರ್ 5, ಶನಿವಾರ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ, ಬಿಸಿಬೇಳೆ ಭಾತ್ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಬಂದೆವು. ಊರಿನಿಂದ ಬಂದಿದ್ದ ಅಪ್ಪ ನೆಗಡಿಯೆಂದು ಮನೆಯಲ್ಲೇ ಉಳಿದಿದ್ದರು. ಅವತ್ತು ಗೈ ಫಾಕ್ಸ್ ರಾತ್ರಿ, ಸುತ್ತಲೂ ಪಟಾಕಿ. ಕಸದ ಡಬ್ಬಿ ಹೊರಗಿಡಲು ಹೋದ ಅಪ್ಪ ಹಿತ್ತಲಿನ ಗೇಟಿನ ಚಿಲಕ ಹಾಕಿರಲಿಲ್ಲ. ಒಂದು ರಾಕೆಟ್ ಸಿಡಿದಿದ್ದೇ ತಡ, ಕೆಂಚ ಬಾಣದಂತೆ ಹೊರಗೆ! ನಾವು ಬಂದಾಗ ಅಪ್ಪ ಬರೀ ಚಪ್ಪಲಿಯಲ್ಲಿ ರಸ್ತೆಯ ಕೊನೆಯಲ್ಲಿ ನಿಂತು "ಕೆಂಚಾ... ಕೆಂಚಾ..." ಎಂದು ಕೂಗುತ್ತಿದ್ದರು.

ನಾನು ತಕ್ಷಣ ಪೊಲೀಸರಿಗೆ ಫೋನ್ ಮಾಡಿದೆ. "ಕಳೆದುಹೋದ ನಾಯಿ ನಮ್ಮ ಕೆಲಸವಲ್ಲ, ಕೌನ್ಸಿಲ್ ಕೇಳಿ" ಎಂದರು. ಅವರು ಹೇಳಿದ್ದು ಸರಿಯೇ. 2008ರ ಏಪ್ರಿಲ್‌ನಿಂದ ಬೀದಿಯಲ್ಲಿ ಸಿಕ್ಕ ನಾಯಿಯ ಜವಾಬ್ದಾರಿ ಪೂರ್ತಿಯಾಗಿ ಸ್ಥಳೀಯ ಕೌನ್ಸಿಲ್‌ನದು. ನನಗೆ ಅದು ಗೊತ್ತಿರಲಿಲ್ಲ.

ಕೆಂಚ ಸಿಕ್ಕಿದ್ದು ಮಂಗಳವಾರ. ಶನಿವಾರ ರಾತ್ರಿಯೇ ಒಬ್ಬ ಮಹಾತಾಯಿ ಅವನನ್ನು ಹಿಡಿದು ಪಶುವೈದ್ಯರ ಹತ್ತಿರ ಒಯ್ದಿದ್ದರು. ವೈದ್ಯರು ಸ್ಕ್ಯಾನ್ ಮಾಡಿದರು, ಮೈಕ್ರೋಚಿಪ್ ಇತ್ತು. ಆದರೆ ಅದರ ದಾಖಲೆಯಲ್ಲಿದ್ದದ್ದು ನಮ್ಮ ಹಳೆಯ ಬಾಡಿಗೆ ಮನೆಯ ವಿಳಾಸ ಮತ್ತು ನಾನು ಬಿಟ್ಟುಬಿಟ್ಟಿದ್ದ ಹಳೆಯ ಮೊಬೈಲ್ ನಂಬರ್! ಸೋಮವಾರ ಕೌನ್ಸಿಲ್‌ನ ಡಾಗ್ ವಾರ್ಡನ್ ಅವನನ್ನು ಕೆನಲ್‌ಗೆ ಒಯ್ದರು. ದಿನವೂ ಡೇಟಾಬೇಸ್ ನೋಡಿಕೊಳ್ಳುವವನ ನಾಯಿಯೇ ಡೇಟಾಬೇಸ್ ತಪ್ಪಿನಿಂದ ಮೂರು ರಾತ್ರಿ ಹೊರಗೆ ಮಲಗಿತ್ತು. ಆ ಮೂರು ದಿನವೂ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಗೇಟಿನ ತಪ್ಪು ಅವರದೇ ಇರಬಹುದು, ಆದರೆ ಚಿಪ್ಪಿನ ತಪ್ಪು ನನ್ನದು.

ಆಮೇಲೆ ಓದಿದಾಗ ತಿಳಿದದ್ದು: ಇಲ್ಲಿ ನಾಯಿ ನಮ್ಮ ಕೈಬಿಟ್ಟು ಹೋಗಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಪ್ರತಿಯೊಂದಕ್ಕೂ ವಾಪಸ್ ಬರುವ ದಾರಿ ಬೇರೆ.

ಮೊದಲನೆಯ ದಾರಿ: ಒಂಟಿಯಾಗಿ ಸಿಕ್ಕ ನಾಯಿ

ನಮ್ಮೂರುಗಳಲ್ಲಿ ಪರರ ಗದ್ದೆಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇಲ್ಲಿಯದೂ ಹೆಚ್ಚು ಕಡಿಮೆ ಅದೇ. 1990ರ ಪರಿಸರ ಸಂರಕ್ಷಣಾ ಕಾಯಿದೆಯ ಪ್ರಕಾರ, ಒಡೆಯನಿಲ್ಲದೆ ತಿರುಗುವ ನಾಯಿಯನ್ನು ಕೌನ್ಸಿಲ್ ಅಧಿಕಾರಿ ಹಿಡಿದು ಇಟ್ಟುಕೊಳ್ಳಬಹುದು. ಕೊರಳಪಟ್ಟಿಯಲ್ಲೋ ಚಿಪ್ಪಿನಲ್ಲೋ ಒಡೆಯನ ವಿವರ ಸಿಕ್ಕರೆ ನೋಟಿಸ್ ಕೊಡಬೇಕು. ಒಡೆಯ 25 ಪೌಂಡ್ ನಿಗದಿತ ಶುಲ್ಕ ಕಟ್ಟಿ, ಜೊತೆಗೆ ಕೆನಲ್ ಖರ್ಚನ್ನೂ ಕೊಟ್ಟು ಬಿಡಿಸಿಕೊಳ್ಳಬಹುದು.

ಮುಖ್ಯವಾದದ್ದು ಗಡುವು. ಅದು ಬರೀ 7 ದಿನ! ಅಷ್ಟರಲ್ಲಿ ಯಾರೂ ಬರದಿದ್ದರೆ ಕೌನ್ಸಿಲ್ ಆ ನಾಯಿಯನ್ನು ಬೇರೆಯವರಿಗೆ ಕೊಡಬಹುದು, ಮಾರಬಹುದು, ಕೊನೆಗೆ ನೋವಿಲ್ಲದಂತೆ ಕೊಲ್ಲಲೂ ಬಹುದು. ಪ್ರಾಮಾಣಿಕವಾಗಿ ಪಡೆದುಕೊಂಡವರು ಕಾನೂನಿನ ಕಣ್ಣಿನಲ್ಲಿ ಅದರ ಹೊಸ ಒಡೆಯರಾಗುತ್ತಾರೆ. ಆಮೇಲೆ ನೀವು ಹೋಗಿ "ನಮ್ಮ ನಾಯಿ" ಎಂದರೆ ನಡೆಯುವುದಿಲ್ಲ. ನಾಲ್ಕು ವಾರ ಬೆಂಗಳೂರಿಗೆ ಹೋದಾಗ ನಾಯಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸುವವರು ಇದನ್ನು ಗಮನದಲ್ಲಿಡಿ. ನೀವು ಅಲ್ಲಿ ಮದುವೆ ಊಟ ಮಾಡುತ್ತಿರುವಾಗಲೇ ಈ ಏಳು ದಿನ ಕಳೆದುಹೋಗಬಹುದು.

ಇದರ ಜೊತೆಗೆ ಎರಡು ಸಣ್ಣ ನಿಯಮಗಳಿವೆ. ಸಾರ್ವಜನಿಕ ಸ್ಥಳದಲ್ಲಿ ನಾಯಿಯ ಕೊರಳಪಟ್ಟಿಯಲ್ಲಿ ಒಡೆಯನ ಹೆಸರು, ವಿಳಾಸ ಇರಲೇಬೇಕು. ಇದು 1992ರ ಆದೇಶ. ಚಿಪ್ ಇದ್ದರೂ ಪಟ್ಟಿ ಬೇಕು. ಎರಡನೆಯದಾಗಿ, ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್ 6ರಿಂದ 8 ವಾರ ದಾಟಿದ ಪ್ರತಿ ನಾಯಿಗೂ ಮೈಕ್ರೋಚಿಪ್ ಕಡ್ಡಾಯ. ಚಿಪ್ ಹಾಕಿಸಿದರೆ ಸಾಲದು, ವಿವರಗಳು ಇವತ್ತಿನವಾಗಿರಬೇಕು. ಇಲ್ಲದಿದ್ದರೆ 21 ದಿನದ ನೋಟಿಸ್, ಆಮೇಲೆ 500 ಪೌಂಡ್ ತನಕ ದಂಡ.

ಎರಡನೆಯ ದಾರಿ: ಕಚ್ಚಿದ, ಅಥವಾ ಬರೀ ಹೆದರಿಸಿದ ನಾಯಿ

'ಬೊಗಳುವ ನಾಯಿ ಕಚ್ಚುವುದಿಲ್ಲ' ಎನ್ನುವ ನಮ್ಮ ಗಾದೆಯನ್ನು ಇಲ್ಲಿನ ಕಾನೂನು ಒಪ್ಪುವುದಿಲ್ಲ! 1991ರ ಅಪಾಯಕಾರಿ ನಾಯಿಗಳ ಕಾಯಿದೆಯ ಪ್ರಕಾರ, ನಾಯಿ ಕಚ್ಚಲೇಬೇಕೆಂದಿಲ್ಲ. ಅದು ತನಗೆ ಗಾಯ ಮಾಡಬಹುದು ಎಂಬ ಸಕಾರಣವಾದ ಭಯ ಒಬ್ಬರಿಗೆ ಹುಟ್ಟಿದರೂ ಸಾಕು, ಅದು 'ಹತೋಟಿ ತಪ್ಪಿದ ಅಪಾಯಕಾರಿ ನಾಯಿ' ಎನಿಸಿಕೊಳ್ಳಬಹುದು. ತಳಿ ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ, ಲ್ಯಾಬ್ರಡಾರ್ ಆದರೂ ಅಷ್ಟೆ, ಪೊಮೆರೇನಿಯನ್ ಆದರೂ ಅಷ್ಟೆ.

ಮೊದಲು ಇದು ಮುಖ್ಯವಾಗಿ ಸಾರ್ವಜನಿಕ ಸ್ಥಳಗಳಿಗೆ ಅನ್ವಯಿಸುತ್ತಿತ್ತು. 2014ರ ಮೇ ತಿಂಗಳಿಂದ ನಿಮ್ಮ ಸ್ವಂತ ಮನೆ, ಹಿತ್ತಲಿಗೂ ಅನ್ವಯಿಸುತ್ತದೆ. ಕಳ್ಳ ನುಗ್ಗಿದಾಗ ಬೇರೆ ಮಾತು. ಆದರೆ ಪೋಸ್ಟ್‌ಮನ್, ಪಾರ್ಸೆಲ್ ತರುವವರು, ಮಕ್ಕಳ ಸ್ನೇಹಿತರು ಇವರೆಲ್ಲ ಕಳ್ಳರಲ್ಲ. ಶಿಕ್ಷೆಯೂ ಹಗುರವಲ್ಲ: ಯಾರಿಗೂ ಗಾಯವಾಗದಿದ್ದರೂ 6 ತಿಂಗಳ ತನಕ ಜೈಲು, ಗಾಯವಾದರೆ 5 ವರ್ಷ, ಸಾವು ಸಂಭವಿಸಿದರೆ 14 ವರ್ಷದ ತನಕ.

ಜವಾಬ್ದಾರಿ ಒಡೆಯನದು ಮಾತ್ರವಲ್ಲ, ಆ ಹೊತ್ತಿನಲ್ಲಿ ನಾಯಿ ಯಾರ ವಶದಲ್ಲಿತ್ತೋ ಅವರದೂ ಹೌದು. ಊರಿನಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ ಸಂಜೆ ನಾಯಿ ತಿರುಗಾಡಿಸಲು ಹೋಗುತ್ತಾರಲ್ಲ, ಅವರಿಗೆ ಇದನ್ನು ತಿಳಿಸಿ ಹೇಳುವುದು ನಮ್ಮ ಕರ್ತವ್ಯ. "ಏನೂ ಮಾಡಲ್ಲ ಬಿಡಿ, ಆಟ ಆಡ್ತಾನೆ" ಎಂದು ಹಗ್ಗ ಬಿಡುವುದು ನಮ್ಮ ಕಡೆ ಸಹಜ, ಇಲ್ಲಿ ಅದು ಅಪಾಯ.

ಹೀಗೆ ಹತೋಟಿ ತಪ್ಪಿದಂತೆ ಕಂಡ ನಾಯಿಯನ್ನು ಸಾರ್ವಜನಿಕ ಸ್ಥಳದಲ್ಲಿ ಪೊಲೀಸರಾಗಲಿ ಕೌನ್ಸಿಲ್‌ನ ಅಧಿಕೃತ ಅಧಿಕಾರಿಯಾಗಲಿ ಸ್ಥಳದಲ್ಲೇ ವಶಕ್ಕೆ ತೆಗೆದುಕೊಳ್ಳಬಹುದು. ಮನೆಯೊಳಗಿದ್ದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ವಾರಂಟ್ ಬೇಕು.

ಇದೆಲ್ಲ ಬಡವರಿಗೆ, ಹೊರಗಿನವರಿಗೆ ಮಾತ್ರ ಎಂದುಕೊಳ್ಳಬೇಡಿ. 2002ರಲ್ಲಿ ರಾಣಿಯ ಮಗಳು ರಾಜಕುಮಾರಿ ಆನ್ ಇದೇ ಕಾಯಿದೆಯಡಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 500 ಪೌಂಡ್ ದಂಡ ಕಟ್ಟಿದರು. ವಿಂಡ್ಸರ್‌ನಲ್ಲಿ ಅವರ ಬುಲ್ ಟೆರಿಯರ್ 'ಡಾಟಿ' ಇಬ್ಬರು ಮಕ್ಕಳನ್ನು ಕಚ್ಚಿತ್ತು. ಆದರೆ ಡಾಟಿಯನ್ನು ಕೊಲ್ಲಲು ಕೋರ್ಟು ಹೇಳಲಿಲ್ಲ, ತರಬೇತಿ ಕೊಡಿಸಿ ಎಂದಿತು. ಮುಂದಿನ ಭಾಗ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಅಪರಾಧ ಸಾಬೀತಾದರೂ ನಾಯಿಯ ಪ್ರಾಣ ಹೋಗಲೇಬೇಕೆಂದಿಲ್ಲ.

ಮೂರನೆಯ ದಾರಿ: ನಿಷೇಧಿತ ನಮೂನೆಯ ನಾಯಿ

ಈ ದೇಶದಲ್ಲಿ ಐದು ನಮೂನೆಯ ನಾಯಿಗಳನ್ನು ಸಾಕುವಂತಿಲ್ಲ. ಪಿಟ್ ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೋ ಅರ್ಜೆಂಟೀನೋ, ಫೀಲಾ ಬ್ರೆಸಿಲೇರೋ, ಮತ್ತು ಹೊಸದಾಗಿ ಸೇರಿದ ಎಕ್ಸ್‌ಎಲ್ ಬುಲ್ಲಿ. ಕೊನೆಯದನ್ನು ವಿನಾಯಿತಿ ಪತ್ರವಿಲ್ಲದೆ ಇಟ್ಟುಕೊಳ್ಳುವುದು ಇಂಗ್ಲೆಂಡ್, ವೇಲ್ಸ್‌ನಲ್ಲಿ 2024ರ ಫೆಬ್ರವರಿ 1ರಿಂದ ಅಪರಾಧ.

'ತಳಿ' ಎನ್ನದೆ 'ನಮೂನೆ' ಎಂದು ಬೇಕೆಂದೇ ಬರೆದಿದ್ದೇನೆ. ಅಪ್ಪ ಅಮ್ಮ ಯಾವ ತಳಿ, ಮಾರಿದವರು ಏನೆಂದು ಹೇಳಿದರು ಎಂಬುದನ್ನು ಕಾನೂನು ನೋಡುವುದಿಲ್ಲ. ನಾಯಿಯ ಮೈಕಟ್ಟು, ತಲೆ, ಎತ್ತರ ಇವುಗಳ ಅಳತೆ ನೋಡುತ್ತದೆ. ಉದಾಹರಣೆಗೆ ಎಕ್ಸ್‌ಎಲ್ ಬುಲ್ಲಿಯ ವಿವರಣೆಯಲ್ಲಿ ಬೆಳೆದ ಗಂಡು ನಾಯಿಯ ಎತ್ತರ ಹೆಗಲಿನ ಬಳಿ 51 ಸೆಂಟಿಮೀಟರ್, ಹೆಣ್ಣಿನದು 48 ಸೆಂಟಿಮೀಟರ್‌ನಿಂದ ಶುರು. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ನಿಷೇಧಿತವಲ್ಲ, ಆದರೆ ಅದರ ಮಿಶ್ರತಳಿ ಬೆಳೆದ ಮೇಲೆ ಪಿಟ್ ಬುಲ್ ಅಳತೆಗೆ ಹೊಂದಿದರೆ ಅದೂ ನಿಷೇಧಿತವೇ. ಅದಕ್ಕಿಂತ ವಿಚಿತ್ರವೆಂದರೆ, ನಾಯಿ ಆ ನಮೂನೆಯದಲ್ಲ ಎಂದು ಸಾಬೀತು ಮಾಡುವ ಹೊಣೆ ಒಡೆಯನ ಮೇಲೇ! ಅದು ಯಾರನ್ನೂ ಕಚ್ಚಿರಬೇಕಿಲ್ಲ, ಯಾರೂ ದೂರು ಕೊಟ್ಟಿರಬೇಕಿಲ್ಲ.

ವಶಕ್ಕೆ ತೆಗೆದುಕೊಂಡ ಮೇಲೆ ಪರಿಣತರು ಬಂದು ನೋಡುತ್ತಾರೆ. ಕೋರ್ಟಿನ ತೀರ್ಮಾನಕ್ಕೆ ಕಾಯುವಾಗ ನಾಯಿ ಕೆನಲ್‌ನಲ್ಲಿದ್ದರೆ ನೀವು ಹೋಗಿ ನೋಡುವಂತಿಲ್ಲ. ಕೆಲವು ಸಂದರ್ಭಗಳಲ್ಲಿ ಪೊಲೀಸರು ಷರತ್ತಿನ ಮೇಲೆ ಮನೆಗೆ ಬಿಡಬಹುದು, ಅದನ್ನು ಕೇಳಿ. ಕೋರ್ಟಿಗೆ ಈ ನಾಯಿಯಿಂದ ಸಾರ್ವಜನಿಕರಿಗೆ ಅಪಾಯವಿಲ್ಲ, ಒಡೆಯರೂ ಯೋಗ್ಯರು ಎನಿಸಿದರೆ ವಿನಾಯಿತಿ ಸಿಗುತ್ತದೆ. ಸಂತಾನಹರಣ ಚಿಕಿತ್ಸೆ, ಚಿಪ್, ಇನ್ಶೂರೆನ್ಸ್, ಹೊರಗೆ ಹೋದಾಗ ಹಗ್ಗ ಮತ್ತು ಬಾಯಿಕುಕ್ಕೆ, ಇವು ಷರತ್ತುಗಳು. ಆ ಪತ್ರ ನಾಯಿಯ ಜೀವಮಾನಕ್ಕೂ ಇರುತ್ತದೆ.

ಎಲ್ಲ ಕಥೆಯೂ ಹಾಗೆ ಮುಗಿಯುವುದಿಲ್ಲ ನಿಜ. ಬೆಲ್‌ಫಾಸ್ಟ್‌ನ 'ಲೆನಾಕ್ಸ್' ಎಂಬ ನಾಯಿಯನ್ನು 2010ರಲ್ಲಿ ಪಿಟ್ ಬುಲ್ ನಮೂನೆಯೆಂದು ಹಿಡಿದರು. ಅದರ ಮನೆಯವರು ಎರಡು ವರ್ಷ ಕೋರ್ಟುಗಳಲ್ಲಿ ಹೋರಾಡಿದರೂ 2012ರ ಜುಲೈನಲ್ಲಿ ಅದನ್ನು ಕೊಲ್ಲಲಾಯಿತು. ಆದರೂ ಅಲ್ಲಿ ತೀರ್ಮಾನ ಮಾಡಿದ್ದು ಕೋರ್ಟು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ...

ಒಂದು ಸಹಿಯ ಕಥೆ

ನಮ್ಮ ಪರಿಚಯದ ಒಂದು ಕನ್ನಡ ಕುಟುಂಬ. ಹೆಸರು ಬೇಡ, ಅವರೇ "ಹೆಸರು ಹಾಕದೆ ಬರಿ, ಬೇರೆಯವರಿಗಾದರೂ ಉಪಯೋಗವಾಗಲಿ" ಎಂದರು. ಮರಿಯಾಗಿದ್ದಾಗ ಸ್ಟಾಫಿ ಮಿಶ್ರತಳಿ ಎಂದು ತಂದ ನಾಯಿ. ಒಂದು ದಿನ ಪಾರ್ಸೆಲ್ ತಂದ ಹುಡುಗನ ಮೇಲೆ ಬಾಗಿಲಲ್ಲಿ ಎಗರಿ ಬೊಗಳಿತು. ಕಚ್ಚಲಿಲ್ಲ. ಕೆಲವು ದಿನಗಳ ನಂತರ ಪೊಲೀಸರು ವಾರಂಟ್ ಹಿಡಿದು ಬಂದು, ನಿಷೇಧಿತ ನಮೂನೆ ಇರಬಹುದೆಂದು ನಾಯಿಯನ್ನು ಒಯ್ದರು. ಕಾಗದಪತ್ರಗಳ ಜೊತೆ ಒಂದು ಹಾಳೆ ಇತ್ತು: ನಾಯಿಯ ಮೇಲಿನ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂಬ ಒಪ್ಪಿಗೆ.

ಅವರ ಮನಸ್ಸಿನಲ್ಲಿ ಆಗ ಓಡುತ್ತಿದ್ದುದು ಒಂದೇ. ಖಾಯಂ ವಾಸದ ಅರ್ಜಿ ಹಾಕಲು ಇನ್ನು ಐದು ತಿಂಗಳಿತ್ತು. ಕೇಸು ಬಿದ್ದರೆ? ಅರ್ಜಿಯಲ್ಲಿ ಅಪರಾಧದ ಕಲಂ ಇದೆಯಲ್ಲ? ಇಬ್ಬರು ಮಕ್ಕಳ ಶಾಲೆ, ಮನೆಯ ಸಾಲ... ಬೇಗ ಮುಗಿದರೆ ಸಾಕು ಎಂದು ಸಹಿ ಹಾಕಿದರು. ಬಂದ ಅಧಿಕಾರಿ ಮೋಸ ಮಾಡಲಿಲ್ಲ, ಹಾಳೆಯಲ್ಲಿ ಎಲ್ಲಾ ಬರೆದಿತ್ತು. ಓದುವ ಸ್ಥಿತಿಯಲ್ಲಿ ಇವರಿರಲಿಲ್ಲ, ಅಷ್ಟೆ. ನಾಯಿ ಕೋರ್ಟಿನ ತನಕ ಹೋಗಲೇ ಇಲ್ಲ. ವಿನಾಯಿತಿ ಸಿಗುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅವರ ಹನ್ನೆರಡು ವರ್ಷದ ಮಗ ಆ ಹಾಳೆಯ ಪ್ರತಿಯನ್ನು ಮೇಜಿನ ಮೇಲೆ ನೋಡಿ "ಅಪ್ಪಾ, ಇದು ನಿನ್ನ ಸೈನ್ ಅಲ್ವಾ?" ಎಂದು ಕೇಳಿದನಂತೆ. ಇದನ್ನು ನನಗೆ ಹೇಳುವಾಗ ಆ ಗೆಳೆಯರು ಕಾಫಿ ಲೋಟವನ್ನೇ ನೋಡುತ್ತಿದ್ದರು.

ದಯವಿಟ್ಟು ಇದೊಂದನ್ನು ನೆನಪಿಡಿ. ನಾಯಿಯ ಹಕ್ಕು ಬಿಟ್ಟುಕೊಡಲು ನಿಮ್ಮನ್ನು ಯಾರೂ ಬಲವಂತ ಮಾಡುವಂತಿಲ್ಲ. ಬಿಟ್ಟುಕೊಟ್ಟರೆ ಕೋರ್ಟಿನ ವಿಚಾರಣೆ ಇಲ್ಲದೆಯೇ ನಾಯಿಯನ್ನು ಕೊಲ್ಲಬಹುದು. ಒಯ್ಯುವುದನ್ನು ತಡೆಯಲು ಹೋಗಬೇಡಿ, ಜಗಳ ಬೇಡ. ಆದರೆ "ವಕೀಲರ ಜೊತೆ ಮಾತಾಡದೆ ಸಹಿ ಹಾಕುವುದಿಲ್ಲ" ಎಂದು ವಿನಯವಾಗಿ ಹೇಳಿ. ಪೊಲೀಸರು ವಿಚಾರಣೆಗೆ ಕರೆದರೆ ಠಾಣೆಯಲ್ಲಿ ಉಚಿತ ಕಾನೂನು ಸಲಹೆ ಪಡೆಯುವ ಹಕ್ಕು ವೀಸಾ ಯಾವುದೇ ಇರಲಿ ನಿಮಗಿದೆ. ವೀಸಾ ಭಯವಿದ್ದರೆ ಅದನ್ನೂ ಆ ವಕೀಲರಿಗೇ ಕೇಳಿ. ಭಯದಲ್ಲಿ ನೀವೇ ಉತ್ತರ ಕಂಡುಕೊಳ್ಳಬೇಡಿ.

ನಾಲ್ಕನೆಯ ದಾರಿ: ಸರಿಯಾಗಿ ನೋಡಿಕೊಳ್ಳದ ನಾಯಿ

2006ರ ಪ್ರಾಣಿ ಕಲ್ಯಾಣ ಕಾಯಿದೆಯ ಪ್ರಕಾರ ನಾಯಿಗೆ ಸರಿಯಾದ ಆಹಾರ, ಜಾಗ, ಆರೋಗ್ಯ ಒದಗಿಸುವುದು ಒಡೆಯನ ಕರ್ತವ್ಯ. ಹೊಡೆಯುವುದೊಂದೇ ತಪ್ಪಲ್ಲ, ಅಲಕ್ಷ್ಯವೂ ತಪ್ಪು. ನಾಯಿ ನರಳುತ್ತಿದೆ, ಅಥವಾ ಹೀಗೇ ಬಿಟ್ಟರೆ ನರಳಲಿದೆ ಎಂದು ಪಶುವೈದ್ಯರು ಬರೆದುಕೊಟ್ಟರೆ ಪೊಲೀಸರು ಅಥವಾ ಕೌನ್ಸಿಲ್ ಇನ್ಸ್‌ಪೆಕ್ಟರ್ ವಶಕ್ಕೆ ತೆಗೆದುಕೊಳ್ಳಬಹುದು. ತೀರಾ ತುರ್ತಾದರೆ ವೈದ್ಯರಿಗೂ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ನಾಯಿ ಬಿಟ್ಟು "ಐದೇ ನಿಮಿಷ" ಎಂದು ಅಂಗಡಿಗೆ ಹೋಗುವವರು ಗಮನಿಸಿ. ಕ್ರೌರ್ಯಕ್ಕೆ ಗರಿಷ್ಠ ಶಿಕ್ಷೆ 2021ರ ಜೂನ್‌ನಿಂದ 5 ವರ್ಷಕ್ಕೆ ಏರಿದೆ.

ಆರ್‌ಎಸ್‌ಪಿಸಿಎ ಸಮವಸ್ತ್ರ ನೋಡಿ ಪೊಲೀಸರೆಂದು ಗಾಬರಿಯಾಗುವವರಿದ್ದಾರೆ. ಅದೊಂದು ದತ್ತಿ ಸಂಸ್ಥೆ. ನಿಮ್ಮ ಒಪ್ಪಿಗೆ ಇಲ್ಲದೆ ಮನೆಯೊಳಗೆ ಬರುವ, ನಾಯಿ ಒಯ್ಯುವ ಅಧಿಕಾರ ಅವರಿಗೆ ತಾವಾಗಿ ಇಲ್ಲ. ಆದರೂ ಅವರು ಬಂದು ಏನಾದರೂ ಸರಿಪಡಿಸಿ ಎಂದರೆ ಕೇಳುವುದೇ ಜಾಣತನ.

ಬೆಂಗಳೂರಿನಿಂದ ನಾಯಿ ತರುವವರಿಗೆ ಒಂದು ಮಾತು

ಭಾರತದಿಂದ ತರುವ ನಾಯಿಗೆ ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನದ ನಂತರ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯುವುದು, ಹೊರಡುವ ಮುನ್ನ ಹುಳದ ಔಷಧಿ. ಈ ಕ್ರಮದಲ್ಲಿ ಒಂದು ತಪ್ಪಿದರೂ ಇಲ್ಲಿ ಇಳಿದ ಮೇಲೆ 4 ತಿಂಗಳ ತನಕ ನಿಮ್ಮ ಖರ್ಚಿನಲ್ಲೇ ಕ್ವಾರಂಟೈನ್, ಇಲ್ಲವೇ ವಾಪಸ್. ಹಾಗಾಗಿ ಟಿಕೆಟ್ ತೆಗೆಯುವ ಆರು ತಿಂಗಳು ಮುಂಚೆಯೇ ಶುರು ಮಾಡಿ.

ಈ ಭಾನುವಾರ ಹತ್ತು ನಿಮಿಷದ ಕೆಲಸ

1. ಚಿಪ್ ದಾಖಲೆ ತೆರೆದು ವಿಳಾಸ, ಫೋನ್ ಸರಿಯಿದೆಯೇ ನೋಡಿ. ಊರಿಗೆ ಹೋಗುವಾಗ ಇಲ್ಲಿಯ ಒಬ್ಬರ ನಂಬರನ್ನೂ ಸೇರಿಸಿ.

2. ಕೊರಳಪಟ್ಟಿಯಲ್ಲಿ ಹೆಸರು, ವಿಳಾಸ ಓದುವಂತಿದೆಯೇ ನೋಡಿ.

3. ನಾಯಿಯ ಫೋಟೋ, ಕೊಂಡ ರಸೀದಿ, ಲಸಿಕೆ ಪುಸ್ತಕ, ಇನ್ಶೂರೆನ್ಸ್ ಎಲ್ಲಾ ಒಂದು ಫೋಲ್ಡರಿನಲ್ಲಿಡಿ.

4. ಕೌನ್ಸಿಲ್‌ನ ಡಾಗ್ ವಾರ್ಡನ್ ನಂಬರನ್ನು ಫ್ರಿಜ್ ಬಾಗಿಲ ಮೇಲೆ ಅಂಟಿಸಿ.

5. ಮನೆಯಲ್ಲಿ ಎಲ್ಲರಿಗೂ, ಮಕ್ಕಳಿಗೂ ಹೇಳಿ: ಓದದೆ, ಕೇಳದೆ ಸಹಿ ಇಲ್ಲ.

ಅಂದ ಹಾಗೆ, ಕೆಂಚನನ್ನು ಬಿಡಿಸಿಕೊಂಡು ಬರಲು ನೂರು ಪೌಂಡಿನ ಮೇಲೆ ಖರ್ಚಾಯಿತು. ಕೌಂಟರಿನ ಹೆಣ್ಣುಮಗಳು "ಕೆನ್-ಚಾ?" ಎಂದು ಕೂಗಿದ್ದೇ ಒಳಗಿನಿಂದ ಅವನ ಬೊಗಳಾಟ ಶುರುವಾಯಿತು. ಅಪ್ಪ ಊರಿಗೆ ಹೋಗಿ ವರ್ಷಗಳಾದವು. ಈಗಲೂ ಪ್ರತಿ ಭಾನುವಾರ ಫೋನಿನಲ್ಲಿ ನಮ್ಮ ಆರೋಗ್ಯ ವಿಚಾರಿಸುವ ಮೊದಲು ಅವರು ಕೇಳುವುದು ಒಂದೇ ಪ್ರಶ್ನೆ: "ಗೇಟ್ ಚಿಲಕ ಹಾಕಿದೀಯೇನೋ?"

ಹಾಕಿದೀನಿ ಅಪ್ಪ. ವಿಳಾಸಾನೂ ಬದಲಾಯಿಸಿದೀನಿ.